ರೈಟ್, ರೈಟ್!

ಶಿರಸಿಯಿಂದ ಬನವಾಸಿ ಕಡೆಗೆ ಹೊರಡುವ ರಸ್ತೆಯಲ್ಲಿರುವ ಆ ಹಗಲು ಆಸ್ಪತ್ರೆಯ ಬೋರ್ಡಿನ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಬೆಳಿಗ್ಗೆ ಬನ್ನಿ, ಸಂಜೆ ಹೋಗಿ.’ ಸಣ್ಣ ಆಪರೇಷನ್ ಮಾಡಿಸಿಕೊಂಡು ಅದೇ ದಿನ ಮನೆ ಸೇರಬಹುದು, ರಾತ್ರಿ ಉಳಿಯುವ ರಗಳೆಯಿಲ್ಲ ಎಂಬುದಷ್ಟೇ ಬರೆಸಿದವರ ಅಭಿಪ್ರಾಯ. ಆದರೆ ಹೊಸ್ತಿಲು ದಾಟುವಾಗ ಬಾಯಿತಪ್ಪಿ ‘ಹೋಗ್ತೇನೆ’ ಅಂದವರನ್ನು ವಾಪಸ್ ಕರೆದು, ‘ಹೋಗಿ ಬರ್ತೇನೆ ಅನ್ನು’ ಎಂದು ತಿದ್ದುವ ಸೀಮೆ ಇದು. ಆ ಬೋರ್ಡನ್ನು ಓದಿ ಒಂದು ಸಲ ಉಗುಳು ನುಂಗದೆ ಒಳಗೆ ಬಂದವರು ಕಡಿಮೆ.

ಆ ಸೋಮವಾರ ದಾಸನಕೊಪ್ಪದ ಪಾರ್ವತವ್ವ ಮಗನ ಗೂಡ್ಸ್ ಆಟೊದಿಂದ ಇಳಿದವಳೇ ಬೋರ್ಡಿನ ಕೆಳಗೆ ನಿಂತುಬಿಟ್ಟಳು.

“ಏನಂತ ಬರ್ದಾರಲೇ ಬಸ್ಯಾ?”

ಮಗ ಬಸವರಾಜ ಓದಿ ಹೇಳಿದ.

“ಸಂಜೀಕ ಹೋಗೂದಾದ್ರ ದಾಸನಕೊಪ್ಪದಾಗ ಹೋಗ್ತೇನೇಳು. ಅದಕ್ಕ ಡೀಸೆಲ್ ಸುಟ್ಟು ಶಿರ್ಸಿತನಕ ಬರಬೇಕೇನು?”

“ಮನೀಗೆ ಹೋಗಿ ಅಂತ ಅದರರ್ಥ ಅವ್ವಾ. ಬಾ ಒಳಗ.”

“ಹಂಗಾರ ಮನೀಗೆ ಅಂತ ಬರೀಬೇಕಿತ್ತು. ಬಣ್ಣ ಸಾಲಲಿಲ್ಲೇನು?”

ಎಕ್ಸ್‌ರೇ ಕೋಣೆಯ ಕಿಟಕಿಯಲ್ಲಿ ನಿಂತಿದ್ದ ಮಮತಾ ಆ ದನಿಯನ್ನು ಆಗಲೇ ನಾಲಿಗೆಯ ಮೇಲಿಟ್ಟು ರುಚಿ ನೋಡುತ್ತಿದ್ದಳು. ‘ಸಾಲಲಿಲ್ಲೇನು’ ಅನ್ನುವಾಗ ನಡುವೆ ಒಂದು ಒತ್ತು, ಕೊನೆಯಲ್ಲಿ ದನಿ ಚಂಗನೆ ಮೇಲಕ್ಕೆ. ಎರಡು ಸಲ ಮೆಲ್ಲಗೆ ಅಂದು ನೋಡಿದಳು. ಬಂತು.

ಮಮತಾ ಯಲ್ಲಾಪುರದ ಆಚೆ ಮಾಗೋಡಿನ ಹುಡುಗಿ, ಆ ಆಸ್ಪತ್ರೆಗೆ ಇದ್ದ ಒಬ್ಬಳೇ ರೇಡಿಯೋಗ್ರಾಫರ್. ರೇಡಿಯೋಗ್ರಾಫರ್ ಅಂದರೆ ರೇಡಿಯೋದಲ್ಲಿ ಹಾಡು ಹೇಳುವ ಕೆಲಸವೆಂದು ಅವಳ ಅಜ್ಜಿ ತಿಮ್ಮಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಮಮತಾಳ ಬಾಯಿ ರೇಡಿಯೋದ ಹಾಗೆ ಯಾವ ಸ್ಟೇಷನ್ ಬೇಕಾದರೂ ಹಿಡಿಯುತ್ತಿತ್ತು. ಘಟ್ಟದ ಕೆಳಗಿನವರು ಬಂದರೆ ಕರಾವಳಿಯ ರಾಗ, ಬನವಾಸಿ ಕಡೆಯವರಿಗೆ ‘ಬರ್ರಿ, ಕುಂದ್ರಿ’, ಸಿದ್ದಾಪುರದವರಿಗೆ ‘ಎಂತದೇ ಮಾರಾಯ್ತಿ’. ತಮ್ಮೂರ ಮಾತು ಕೇಳಿದ ರೋಗಿ ನಡುಗುವುದನ್ನು ನಿಲ್ಲಿಸುತ್ತಾನೆ, ನಡುಗದ ರೋಗಿಯ ಚಿತ್ರ ಚೊಕ್ಕವಾಗಿ ಬರುತ್ತದೆ. ಇದು ಅವಳ ಸಮರ್ಥನೆ. ಇದಕ್ಕೆ ಜೊತೆಯಾಗಿ ಶಬ್ದಗಳನ್ನು ತಿರುಚುವ ಚಟವೂ ಇತ್ತು. ಎಡಗಾಲಿನ ಚಿತ್ರ ಕೆಟ್ಟರೆ ‘ಎಡವಟ್ಟು’, ಬಲಗಾಲು ಚಾಚಲು ರೋಗಿ ಒಪ್ಪದಿದ್ದರೆ ‘ಬಲವಂತ’. ನರ್ಸ್ ಸೀತಾ ನಗುತ್ತಿದ್ದಳು, ಗಾಲಿಕುರ್ಚಿ ತಳ್ಳುವ ಬೈರಣ್ಣ ನಗುತ್ತಿದ್ದ. ಡಾಕ್ಟರ್ ಉಲ್ಲಾಸ ಮಾತ್ರ ನಗುತ್ತಿರಲಿಲ್ಲ. ಅವರಿಗಿದ್ದ ಉಲ್ಲಾಸವೆಲ್ಲ ಹೆಸರಿಗೇ ಖರ್ಚಾಗಿಹೋಗಿತ್ತು.

ಹಿಂದಿನ ವಾರ ಎಕ್ಸ್‌ರೇ ಕೋಣೆಯಿಂದ ಡಾಕ್ಟರರದೇ ದನಿ ತೆಗೆದು, “ಬೈರಾ, ನೆಕ್ಸ್ಟ್ ಪೇಷಂಟ್ ಕಳಿಸು” ಅಂದಿದ್ದಳು ಮಮತಾ. ತಮಾಷೆಗೆ. ಬೈರಣ್ಣ ಹರ್ನಿಯಾದ ಮುದುಕರೊಬ್ಬರನ್ನು ತಳ್ಳಿಕೊಂಡು ಹೋಗಿ ಖಾಲಿ ಆಪರೇಷನ್ ಕೋಣೆಯಲ್ಲಿ ನಿಲ್ಲಿಸಿಬಿಟ್ಟಿದ್ದ. ಡಾಕ್ಟರು ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಅವರು ಮಮತಾಳನ್ನು ಕರೆದು ಹೇಳಿದ್ದು ಒಂದೇ ಮಾತು: “ಇನ್ನೊಂದು ಸಲ ಇಲ್ಲಿ ನಿನ್ನದಲ್ಲದ ದನಿ ಕೇಳಿದರೆ, ನೀನು ಬೇರೆ ಕಡೆ ಕೆಲಸ ನೋಡಿಕೋ.”

ಧಣಿಯ ದನಿ ಇನ್ನು ಬೇಡ ಎಂದು ಮಮತಾ ಅಂದೇ ನಿಶ್ಚಯಿಸಿದ್ದಳು. ಉಳಿದ ದನಿಗಳ ಬಗ್ಗೆ ನಿಶ್ಚಯವಾಗಿರಲಿಲ್ಲ. ಆದರೂ ಆ ವಾರವೆಲ್ಲ ಯಾರ ಹೆಜ್ಜೆ ಸಪ್ಪಳ ಕೇಳಿದರೂ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

“ಬರ್ರಿ ಅವ್ವಾರ, ಕುಂದ್ರಿ. ಎರಡೂ ಕೈ ಇದರ ಮ್ಯಾಲಿಡ್ರಿ.”

ಪಾರ್ವತವ್ವ ಕಣ್ಣರಳಿಸಿದಳು. “ನಮ್ಮ ಕಡೀಕೀ ಏನವಾ? ಯಾವೂರು?”

“ಮಾಗೋಡ್ರಿ.”

“ಮಾಗೋಡಿನಾಕಿ ಹಿಂಗ ಮಾತಾಡ್ತಿ?”

“ಮಾತು ನಿಮ್ದರಿ. ಕಡ ತಗೊಂಡೇನಿ, ಸಂಜೀಕ ವಾಪಸ್ ಕೊಡ್ತೇನಿ.”

ಪಾರ್ವತವ್ವನ ಕೈಗಳದ್ದು ಹಳೆಯ ಕತೆ. ಕೆಲವು ವರ್ಷದ ಹಿಂದೆ ಮಗನ ಬೈಕಿನ ಹಿಂದೆ ಕೂತು ಬರುವಾಗ ಬಿದ್ದು, ಎರಡೂ ಮುಂಗೈ ಮುರಿದು, ಎರಡಕ್ಕೂ ಲೋಹದ ಪ್ಲೇಟು ಹಾಕಿಸಿಕೊಂಡಿದ್ದಳು. ಈಗ ಮಳೆಗಾಲ ಬಂತೆಂದರೆ ನೋವು. ಯಾವ ಕೈಯೆಂದು ಕೇಳಿದರೆ ಒಂದು ದಿನ ಇದು, ಒಂದು ದಿನ ಅದು. ಹಾಗಾಗಿ ಡಾಕ್ಟರು, ಅವತ್ತು ಬೆಳಿಗ್ಗೆ ಎರಡೂ ಕೈಯ ಹೊಸ ಚಿತ್ರ ತೆಗೆಸೋಣ, ಯಾವ ಪ್ಲೇಟು ಸಡಿಲಾಗಿದೆಯೋ ಅದನ್ನು ಮಾತ್ರ ತೆಗೆಯೋಣ ಎಂದಿದ್ದರು.

“ಕೈಯಾಗ ಬಲಾನ ಇಲ್ಲವಾ,” ಎಂದಳು ಪಾರ್ವತವ್ವ. “ಎರಡು ಪ್ಲೇಟ್ ಐತಿ, ನಿನ್ನಿ ರಾತ್ರಿಯಿಂದ ಒಂದು ಪ್ಲೇಟ್ ಉಪ್ಪಿಟ್ಟು ಕೊಟ್ಟಿಲ್ಲ ನೋಡು.”

ಮಮತಾ ನಕ್ಕಳು. ತನಗಿಂತ ಮೊದಲು ಆ ಮಾತನ್ನು ಇನ್ನೊಬ್ಬರು ಆಡಿದ್ದಕ್ಕೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು. ಜೇಬಿನಿಂದ ಸೀಸದ ಎರಡು ಪುಟ್ಟ ಅಕ್ಷರ ತೆಗೆದು ಬಲಗೈಯ ಪಕ್ಕ ಒಂದು, ಎಡಗೈಯ ಪಕ್ಕ ಒಂದು ಇಟ್ಟಳು. ಚಿತ್ರದಲ್ಲಿ ಯಾವುದು ಎಡ, ಯಾವುದು ಬಲ ಎಂದು ತಿಳಿಯಲು ಆ ಅಕ್ಷರಗಳೇ ಗತಿ. ಬಲಗೈಯನ್ನು ನೇರ ಮಾಡುವಾಗ ಅಂಗೈ ಕಲ್ಲಿನಂತೆ ಗಟ್ಟಿಯಿರುವುದು ಅವಳ ಬೆರಳಿಗೆ ತಿಳಿಯಿತು. ಕಿರುಬೆರಳ ಬುಡದಲ್ಲಿ ಕಾದ ಹಂಚು ತಾಗಿದ ಹಳೆಯ ಗುರುತು, ನುಣ್ಣಗೆ ಹೊಳೆಯುತ್ತಿತ್ತು.

“ರೊಟ್ಟಿ ಬಡಿಯೂ ಕೈ ಇದು,” ಎಂದಳು ಪಾರ್ವತವ್ವ. “ನಮ್ಮೂರ ಖಾನಾವಳಿಗೆ ರೊಟ್ಟಿ ಎಲ್ಲಾ ನಂದ. ಎಡಗೈ ಏನು, ತಿರುವಿ ಹಾಕಾಕ ಅಷ್ಟ. ಡಾಕ್ಟರಗ ಹೇಳವಾ ನೀನು. ಎಡಗೈಯಾಗ ಏನರ ಮಾಡ್ಲಿ. ಈ ಕೈಗೆ ಮಾತ್ರ ಚೂರಿ ಮುಟ್ಟಸಬ್ಯಾಡ್ರಿ ಅನ್ನು.”

“ಹೇಳ್ತೇನ್ರಿ.”

“ಮರೀಬ್ಯಾಡ.”

“ಮರೆಯೂದಿಲ್ರಿ.”

ಚಿತ್ರ ತೆರೆಯ ಮೇಲೆ ಮೂಡಿತು. ಎಡಗೈಯ ಪ್ಲೇಟಿನಿಂದ ಎರಡು ಸ್ಕ್ರೂ ಎದ್ದು ಬಂದಿದ್ದವು, ಹಳೆಯ ಬಾಗಿಲಿನ ಮೊಳೆ ಎದ್ದ ಹಾಗೆ. ಬಲಗೈಯದು ಎಲುಬಿನೊಳಗೇ ಮನೆ ಮಾಡಿಕೊಂಡು ಕೂತಿತ್ತು. ಒಳಗಿನ ಫೋನು ಬಡಿದುಕೊಂಡಿತು. ಡಾಕ್ಟರ್ ಉಲ್ಲಾಸ ತಮ್ಮ ಕಂಪ್ಯೂಟರಿನಲ್ಲಿ ಅದೇ ಚಿತ್ರ ನೋಡುತ್ತಿದ್ದರು.

“ಎಡಗೈ. ಬಲಗೈ ಮುಟ್ಟೋ ಹಾಗೇ ಇಲ್ಲ, ಎಲುಬು ತೆಳ್ಳಗಿದೆ, ತೆಗೆಯೋಕೆ ಹೋದ್ರೆ ಮತ್ತೆ ಮುರೀತದೆ. ಎಡಗೈ ಅಂತ ಸೀತಾಗೆ ಹೇಳಿ ಬಾಣದ ಗುರುತು ಹಾಕಿಸು. ನಾನು ಈ ಕೇಸ್ ಮುಗಿಸಿ ನೇರ ಅದಕ್ಕೆ ಬರ್ತೇನೆ.”

“ಸರಿ ಸರ್.”

ಬೈರಣ್ಣ ಗಾಲಿಕುರ್ಚಿ ತಂದ. ಪಾರ್ವತವ್ವನನ್ನು ಕೂರಿಸಿದರು. ಅವಳ ಮುಖದಲ್ಲಿ ಮತ್ತೆ ಬೋರ್ಡಿನ ಭಯ ಬಂದು ಕೂತಿತ್ತು. ತುಟಿ ಒಣಗಿದ್ದವು. ಕುರ್ಚಿಯ ಗಾಲಿ ಹೊಸ್ತಿಲಿಗೆ ಸಿಕ್ಕಿ ನಿಂತಿತು. ಬೈರಣ್ಣ ಮುಂದಿನಿಂದ ಎಳೆದ, ಮಮತಾ ಹಿಂದಿನಿಂದ ನೂಕಿದಳು. ಗಾಲಿ ಧಡಕ್ಕನೆ ಹೊಸ್ತಿಲು ದಾಟಿದ್ದೇ ತಡ, ಅವಳ ಬಾಯಿಗೆ ಯಲ್ಲಾಪುರ–ಶಿರಸಿ ಬಸ್ಸು ಬಂದುಬಿಟ್ಟಿತು. ಕಾಲೇಜಿನ ಅಷ್ಟೂ ವರ್ಷ ಅವಳು ಓಡಾಡಿದ ಬಸ್ಸು. ಅದರ ಕಂಡಕ್ಟರು ಮೂಗಿನಲ್ಲೇ ಟಿಕೆಟ್ ಹರಿಯುವವನಂತೆ ಮಾತಾಡುತ್ತಿದ್ದ.

“ರೈ...ಟ್! ರೈಟ್, ರೈಟ್!”

ಬೈರಣ್ಣ “ಪೊಂಯ್ ಪೊಂಯ್” ಎಂದು ಹಾರ್ನ್ ಹೊಡೆದು ಕುರ್ಚಿ ಓಡಿಸಿದ. ಪಾರ್ವತವ್ವ ಆ ದಿನ ಮೊದಲ ಸಲ ಬಾಯಿತುಂಬ ನಕ್ಕಳು. ಉದ್ದನೆಯ ಓಣಿಯ ಆ ತುದಿಯಲ್ಲಿ ಸೀತಾ ಆಗಲೇ ಪೆನ್ನು ಹಿಡಿದ ಕೈಯೆತ್ತಿ ಏನೋ ಅನ್ನುತ್ತಿದ್ದಳು. ಮಮತಾ ತಾನೂ ಕೈಯೆತ್ತಿ ಬೀಸಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಎದೆ ಫೋಟೊ ಇಲ್ಲೇನಾ?” ಎಂದರು. ಅವಳು ಒಳಗೆ ತಿರುಗಿದಳು.

ಎದೆಯ ಚಿತ್ರಕ್ಕೆ ಬಂದವರು ಸಿದ್ದಾಪುರದ ಮೇಷ್ಟರು. ಯಂತ್ರಕ್ಕೆ ಎದೆ ಒತ್ತಿ ನಿಲ್ಲಿಸಿ, “ಉಸಿರು ಎಳ್ಕಳಿ, ಹಿಡ್ಕಳಿ” ಎಂದಳು. ಗುಂಡಿ ಒತ್ತಿದಳು. ಆಮೇಲೆ ಹಾಗೇ ನಿಂತಳು. ಏನೋ ಬಿಟ್ಟುಹೋಗಿದೆ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಮತ್ತೆ ಮತ್ತೆ ಹೋಗುವಂತೆ ಮನಸ್ಸು ಅಲ್ಲಿಗೇ ಹೋಗುತ್ತಿದೆ, ಆದರೆ ಅಲ್ಲಿ ಏನಿತ್ತೆಂದು ತಿಳಿಯುತ್ತಿಲ್ಲ.

“ಬಿಡ್ಲನೇ ತಂಗೀ?” ಎಂದು ಮೇಷ್ಟರು ಕೆಂಪುಮುಖ ಮಾಡಿಕೊಂಡು ಹಲ್ಲಿನ ಸಂದಿಯಿಂದ ಕೇಳಿದರು.

“ಅಯ್ಯೋ, ಬಿಡಿ, ಬಿಡಿ!”

ಮೇಷ್ಟರು ಉಸಿರು ಬಿಟ್ಟರು. ಮಮತಾಳದ್ದು ಒಳಗೇ ಉಳಿಯಿತು. ಜೇಬಿನಲ್ಲಿ ಸೀಸದ ಅಕ್ಷರಗಳು ಬೆರಳಿಗೆ ಸಿಕ್ಕವು. ಎಡ. ಎಡಗೈ ಎಂದು ಸೀತಾಗೆ ಹೇಳಿದೆನಾ?

ಹೇಳಿರಬೇಕು. ಡಾಕ್ಟರು ಫೋನಿನಲ್ಲಿ ಹೇಳಿದರು, ತಾನು ಸರಿ ಅಂದೆ, ಆಮೇಲೆ... ಆಮೇಲೆ ಬೈರಣ್ಣ ಬಂದ. ಸೀತಾ ಕೈಯೆತ್ತಿದಳು. ‘ಎಡಗೈ ಕಣೇ’ ಎಂದು ತಾನು ಕೂಗಿದ ಒಂದು ಚಿತ್ರ ಕಣ್ಣಮುಂದೆ ಬರುತ್ತಿತ್ತು, ಆದರೆ ಆ ಚಿತ್ರಕ್ಕೆ ಸದ್ದೇ ಇರಲಿಲ್ಲ. ದಿನವಿಡೀ ಊರಮಂದಿಯ ದನಿಯಲ್ಲಿ ಮಾತಾಡುವವಳಿಗೆ ತನ್ನ ದನಿಯಲ್ಲಿ ಏನು ಹೇಳಿದೆನೆಂದು ನೆನಪಿಟ್ಟುಕೊಳ್ಳುವುದು ಕಷ್ಟ. ಫೋನು ಎತ್ತಿ ಸೀತಾಳ ಮೇಜಿಗೆ ಹಚ್ಚಿದಳು. ಬಾರಿಸಿತು, ಬಾರಿಸಿತು, ನಿಂತಿತು. ಹೋಗಿ ಕೇಳಿ ಬರೋಣವೆಂದರೆ ಮೇಷ್ಟರು ಅಂಗಿ ಹಾಕಿಕೊಳ್ಳುತ್ತ ತಮ್ಮ ಕೆಮ್ಮಿನ ಚರಿತ್ರೆ ಶುರುಮಾಡಿದ್ದರು.

ಸೀತಾ ತೆರೆಯ ಮೇಲೆ ನೋಡಿಯೇ ಇರುತ್ತಾಳೆ ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಮೇಷ್ಟರ ಎರಡು ಕೆಮ್ಮಿನ ನಡುವಿನಷ್ಟು ಹೊತ್ತೂ ಉಳಿಯಲಿಲ್ಲ.

ಬೈರಣ್ಣ ಬಾಗಿಲಲ್ಲಿ ತಲೆ ಹಾಕಿದ. “ಮಮತಕ್ಕಾ, ಸಿ-ಆರ್ಮ್ ತಗಂಡು ಬರ್ಬೇಕಂತೆ. ಕರೀತಾ ಅವ್ರೆ.”

ಸಿ-ಆರ್ಮ್ ಎಂದರೆ ಆಪರೇಷನ್ ನಡೆಯುವಾಗಲೇ ಒಳಗಿನ ಎಲುಬು, ಲೋಹ ತೋರಿಸುವ ಯಂತ್ರ. ಎತ್ತಿನ ಕೋಡಿನ ಹಾಗೆ ಬಾಗಿ, ರೋಗಿಯ ಮೇಲೊಂದು ತುದಿ, ಕೆಳಗೊಂದು ತುದಿ. ಮಮತಾ ಸೀಸದ ಏಪ್ರನ್ ಎತ್ತಿ ಮೈಮೇಲೆ ಹಾಕಿಕೊಂಡಳು.

“ಬೈರಣ್ಣ, ಸೀತಕ್ಕ ಯಾವ ಕೈಗೆ ಬಾಣ ಬರೆದ್ಲು?”

“ನಾ ಎಂತಕ್ಕೆ ನೋಡ್ಲಿ? ನಾ ಡ್ರೈವರು. ಟಿಕೆಟ್ ನೋಡೋದು ಕಂಡಕ್ಟರ್ ಕೆಲ್ಸ,” ಎಂದು ಬೈರಣ್ಣ ತನ್ನ ಮಾತಿಗೆ ತಾನೇ ನಕ್ಕ. ಬೇರೆ ದಿನವಾಗಿದ್ದರೆ ಮಮತಾ ಅದಕ್ಕೆ ಇನ್ನೊಂದು ಸೇರಿಸುತ್ತಿದ್ದಳು.

ಆಪರೇಷನ್ ಕೋಣೆಯಲ್ಲಿ ಹಸಿರು ಬಟ್ಟೆಯ ಗುಡ್ಡ. ಗುಡ್ಡದಿಂದ ಹೊರಗೆ ಒಂದೇ ಒಂದು ಕೈ, ಕಂದು ಔಷಧಿ ಬಳಿಸಿಕೊಂಡು, ಅಂಗೈ ಮೇಲಾಗಿ ಮಲಗಿತ್ತು. ತಲೆಯ ಕಡೆ ಪರದೆ, ಪರದೆಯಾಚೆ ಅರಿವಳಿಕೆ ಡಾಕ್ಟರು. ಆ ಕೈಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಪಾರ್ವತವ್ವನಿಗೆ ನಿದ್ದೆ ಬರಿಸಿ ಆಗಿತ್ತು.

ಮಮತಾ ಯಂತ್ರ ತಳ್ಳಿಕೊಂಡು ಬಂದವಳು ಕೈಯನ್ನೇ ನೋಡಿದಳು. ಇದು ಎಡವೋ ಬಲವೋ? ಮೇಜಿನ ಎದುರು ನಿಂತರೆ ಅವರ ಎಡ ನಮ್ಮ ಬಲ. ಅವಳ ಕೆಲಸವೇ ದಿನವಿಡೀ ಇದನ್ನು ತಿರುಗಿಸಿ ತಿರುಗಿಸಿ ನೋಡುವುದು. ತೆರೆಯ ಮೇಲೆ ಚಿತ್ರ ತಿರುಗಿಸುವ ಗುಂಡಿ ಇದೆ, ತಲೆಯೊಳಗೆ ತಿರುಗಿದರೆ ಸರಿಮಾಡುವ ಗುಂಡಿ ಇಲ್ಲ. ತಲೆ ಅತ್ತ, ಕಾಲು ಇತ್ತ. ಹಾಗಿದ್ದರೆ ಇದು... ಲೆಕ್ಕ ಮಾಡಿದಳು. ಬಲ ಎಂದು ಬಂತು. ತನ್ನ ಲೆಕ್ಕವೇ ತಪ್ಪಿರಬೇಕೆಂದು ಮತ್ತೆ ಮಾಡಿದಳು. ಆಗ ಕಿರುಬೆರಳಿನ ಬುಡದಲ್ಲಿ ಕಂದು ಬಣ್ಣದಡಿಯೂ ನುಣ್ಣಗೆ ಹೊಳೆಯುವ ಗುರುತು ಕಂಡಿತು. ಹಂಚಿನ ಗುರುತು.

ರೊಟ್ಟಿ ಬಡಿಯುವ ಕೈ.

“ಸರ್,” ಎಂದಳು. ಮಾಸ್ಕಿನೊಳಗೆ ದನಿ ಅರ್ಧಕ್ಕೇ ಸತ್ತಿತು. “ಸರ್, ಎಡವಟ್ಟಾಗಿದೆ.”

ಡಾಕ್ಟರ್ ಉಲ್ಲಾಸ ತಲೆಯೆತ್ತಲಿಲ್ಲ. “ಮಮತಾ. ಇವತ್ತು ಬೇಡ.”

ಎದುರಿಗೆ ನಿಂತ ಸೀತಾಳ ಕಣ್ಣು ಮಾಸ್ಕಿನ ಮೇಲೆ ನಗುತ್ತಿದ್ದವು. ಎಡ, ಎಡವಟ್ಟು. ತನ್ನದೇ ಹಳೆಯ ಜೋಕು! ಲೋಕದಲ್ಲಿ ಇಷ್ಟು ಮಾತುಗಳಿರುವಾಗ ತನ್ನ ಬಾಯಿಗೆ ಇದೇ ಬರಬೇಕೆ?

“ಅಲ್ಲ ಸರ್, ತಮಾಷೆ ಅಲ್ಲ, ಕೈ...”

“ಕೈ ಕಟ್ಟಿಕೊಂಡು ನಿಲ್ಲು. ಕರೆದಾಗ ಬಾ.” ಡಾಕ್ಟರು ಅಂಗೈ ಚಾಚಿದರು. “ಬ್ಲೇಡ್.”

ಸೀತಾ ಬ್ಲೇಡ್ ಕೊಟ್ಟಳು. ಡಾಕ್ಟರರ ಎಡಗೈ ಮುಂಗೈಯ ಚರ್ಮವನ್ನು ಬಿಗಿ ಹಿಡಿಯಿತು. ಹಳೆಯ ಹೊಲಿಗೆಯ ಗೆರೆಯ ಮೇಲೆ ಬ್ಲೇಡಿನ ತುದಿ ಜಾಗ ಹುಡುಕಿತು. ಮಮತಾ ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಇಷ್ಟೊಂದು ದನಿ ಇಟ್ಟುಕೊಂಡವಳಿಗೆ ಬೇಕಾದಾಗ ತನ್ನದೊಂದೂ ಸಿಗಲಿಲ್ಲ. ಡಾಕ್ಟರರ ಮಾತು ನೆನಪಾಯಿತು. ನಿನ್ನದಲ್ಲದ ದನಿ ಕೇಳಿದರೆ...

“ಹೋಲ್ಡಾ...ನ್!”

ಮೂಗಿನಿಂದ, ಗಂಟಲಿನ ತಳದಿಂದ, ಯಲ್ಲಾಪುರ ಬಸ್ಸಿನ ಹಿಂಬಾಗಿಲಿನಿಂದ ಅದು ಬಂತು. ಒಂದು ಕಾಲು ನೆಲದಲ್ಲಿ, ಒಂದು ಕಾಲು ಮೆಟ್ಟಿಲಲ್ಲಿ ಇಟ್ಟ ಮುದುಕಿಯನ್ನು ಕಂಡ ಕಂಡಕ್ಟರು ಕೂಗುವಂತೆ ಬಂತು. ನಮ್ಮ ಕಡೆ ಬಸ್ಸಿನಲ್ಲಿ ಶಾಲೆ ಕಲಿತವರ ಮೈಯಲ್ಲಿ ಆ ಶಬ್ದಕ್ಕೇ ಬೇರೆ ಒಂದು ನರವಿದೆ. ಅದು ಮೆದುಳನ್ನು ಕೇಳಿ ಕೆಲಸ ಮಾಡುವುದಿಲ್ಲ. ಡಾಕ್ಟರ್ ಉಲ್ಲಾಸರ ಕೈ ಗಾಳಿಯಲ್ಲಿ ನಿಂತಿತು. ಸೀತಾ ಹಿಡಿಯಲು ಏನೂ ಇಲ್ಲದೆ ಟ್ರೇ ಹಿಡಿದುಕೊಂಡಳು. ಪರದೆಯಾಚೆ ಅರಿವಳಿಕೆ ಡಾಕ್ಟರರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು.

“ಎಡಗೈ ಸರ್,” ಎಂದಳು ಮಮತಾ. ಈಗ ಬಂದದ್ದು ಅವಳದೇ ದನಿ, ದಾರದಷ್ಟು ತೆಳ್ಳಗೆ. “ನೀವು ಹೇಳಿದ್ದು ಎಡಗೈ. ಇದು ಬಲಗೈ.”

ಡಾಕ್ಟರು ಗೋಡೆಯ ತೆರೆ ನೋಡಿದರು. ಕೈ ನೋಡಿದರು. ಔಷಧಿಯಡಿ ಮಸುಕಾಗಿದ್ದ ನೀಲಿ ಬಾಣ ನೋಡಿದರು. ಬ್ಲೇಡನ್ನು ಟ್ರೇಯಲ್ಲಿ ಮೆಲ್ಲಗೆ, ಮಲಗಿದ ಕೂಸನ್ನು ಇಡುವ ಹಾಗೆ ಇಟ್ಟರು.

“ಬಲಗೈ ಅಂತ ಹೇಳಿದ್ದು ಯಾರು?”

ಸೀತಾ ಹೆದರಿದರೆ ಅವಳ ಬಾಯಿಗೆ ಹವ್ಯಕರ ಮನೆಮಾತು ಬರುತ್ತಿತ್ತು. “ಸರ್, ಆನು ಕೇಳಿದ್ದೆ. ಅಲ್ಲಿಂದ್ಲೇ ಯಾವ ಕೈ ಅಂತ ಕೇಳಿದ್ದೆ. ಮಮತಾನೇ ರೈಟ್ ಅಂತು. ಒಂದ್ಸಲ ಅಲ್ಲ, ರೈಟ್, ರೈಟ್, ರೈಟ್ ಅಂತು! ಕೈ ಬೇರೆ ಬೀಸ್ತು. ಆದ್ರೂ ಅಮ್ಮನ್ನ ಕೇಳಿದೆ ಸರ್, ಬಲಗೈ ಹೌದಾ ಅಂತ. ‘ಬಲಾನ...’ ಅಂತ ಹೇಳಿದ್ರು. ಮುಂದೆ ಎಂತೋ ಹೇಳ್ತಾ ಇದ್ರು, ಆನು ಅಷ್ಟಕ್ಕೇ ಬರದೆ.”

ಮುಂದಿನದ್ದು ಮಮತಾಳಿಗೆ ಗೊತ್ತಿತ್ತು. ಕೈಯಾಗ ಬಲಾನ ಇಲ್ಲವಾ.

“ನಾನು ಅಂದಿದ್ದು ಬೈರಣ್ಣನಿಗೆ ಸರ್. ಅದು... ಬಸ್ಸು... ಕಂಡಕ್ಟರು...” ಹೇಳುತ್ತ ಹೇಳುತ್ತ ವಾಕ್ಯ ಒಣಗಿಹೋಯಿತು.

ಡಾಕ್ಟರ್ ಉಲ್ಲಾಸ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಷ್ಟಾದ ಮೇಲೆ ಇವತ್ತೇ ಎಡಗೈಯನ್ನೂ ಮರಗಟ್ಟಿಸಲು ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ. ಮುಂದಿನ ಸೋಮವಾರ ಎಂದಾಯಿತು.

“ಗುರುತು ನಾನೇ ನೋಡ್ಬೇಕಿತ್ತು. ಅದು ನನ್ನ ತಪ್ಪು,” ಎಂದರು ಡಾಕ್ಟರು, ಗ್ಲೌಸ್ ಕಳಚುತ್ತ. “ಏನಾಯ್ತು ಅಂತ ಅವರಿಗೆ ನಾನು ಹೇಳ್ತೇನೆ. ಯಾಕಾಯ್ತು ಅಂತ ನೀನು ಹೇಳು. ನಿನ್ನ ದನಿಯಲ್ಲಿ. ಆ ಕೈ ಎಚ್ಚರ ಆಗೋ ತನಕ ಅವರ ಪಕ್ಕ ಬಿಟ್ಟು ಏಳ್ಬೇಡ. ಕೆಲಸದ ವಿಷಯ ನಾಳೆ.”

ಪಾರ್ವತವ್ವ ಕಣ್ಣು ಬಿಟ್ಟಾಗ ಮೊದಲು ಮಾಡಿದ್ದು ಎಡಗೈಯಿಂದ ತಡಕಾಡಿದ್ದು. ದಿಂಬಿನ ಮೇಲಿದ್ದ ಬಲಗೈ ಸಿಕ್ಕಿತು. ಎತ್ತಿದಳು, ಬಿಟ್ಟಳು. ಅದು ನೆನೆದ ಹಿಟ್ಟಿನ ಮುದ್ದೆಯಂತೆ ಬಿತ್ತು.

“ಇದ್ಯಾರ ಕೈ?”

ಡಾಕ್ಟರು ಹೇಳಿದರು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಏನನ್ನೂ ಮುಚ್ಚದೆ. ಆಮೇಲೆ ಮಮತಾ ಹೇಳಿದಳು. ಕಡ ತಂದ ಮಾತು ಬಿಟ್ಟು, ಮಾಗೋಡಿನ ಮಾತಿನಲ್ಲಿ. “ನೀವು ಹೇಳಿ ಕಳಿಸಿದ್ರಿ ಅಮ್ಮ, ಮರೀಬೇಡ ಅಂತ. ನಾನು ಮರ್ತು ಬಸ್ಸು ಬಿಟ್ಟೆ.”

ಬಸವರಾಜ ಕುರ್ಚಿ ಹಿಂದೆ ನೂಕಿ ಎದ್ದ. “ಆಸ್ಪತ್ರೀನ ಬಸ್ ಸ್ಟ್ಯಾಂಡ್ ಅಂತ ತಿಳದೀರೇನ್ರಿ? ನಮ್ಮವ್ವನ ಕೈ ಹೋಗಿದ್ರ ಯಾರನ್ನ ಕೇಳಬೇಕಿತ್ತು? ನಿಮ್ಮ ಡೀಪೋ ಮ್ಯಾನೇಜರನ್ನೇನು?” ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದರು. ಅವನ ದನಿ ಓಣಿಯುದ್ದಕ್ಕೂ ಕೇಳುತ್ತಲೇ ಇತ್ತು. ಅದರ ಒಂದು ಅಕ್ಷರವನ್ನೂ ಮಮತಾಳ ನಾಲಿಗೆ ಎತ್ತಿಕೊಳ್ಳಲಿಲ್ಲ.

ಪಾರ್ವತವ್ವ ಛಾವಣಿ ನೋಡುತ್ತ ಮಲಗಿದ್ದಳು. ಮಮತಾ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮುಂಗೈ ಮೇಲಿನ ನೀಲಿ ಬಾಣವನ್ನು ಒರೆಸತೊಡಗಿದಳು. ಅರ್ಧ ಹೋಯಿತು, ಅರ್ಧ ಹೋಗಲೊಲ್ಲದು. ಹೆಬ್ಬೆರಳು ಒತ್ತಿದಳು.

“ಗೊತ್ತಾಗ್ತದಾ ಅಮ್ಮ?”

“ಇಲ್ಲ.”

ತೋರುಬೆರಳು. ಇಲ್ಲ. ನಡುಬೆರಳು. ಇಲ್ಲ. ಸಂಜೆಯೊಳಗೆ ಸರಿಹೋಗುತ್ತದೆ ಎಂದು ಅರಿವಳಿಕೆ ಡಾಕ್ಟರು ಹೇಳಿಹೋಗಿದ್ದರು. ಹೋಗದಿದ್ದರೆ? ಚುಚ್ಚುವಾಗ ಸೂಜಿ ಎಲ್ಲಾದರೂ ನರಕ್ಕೆ ತಾಗಿದ್ದರೆ? ಬೇಡದ ಕೈಗೆ ಬೇಡದ ಸೂಜಿ. ಖಾನಾವಳಿಯಲ್ಲಿ ಬುಟ್ಟಿ ಖಾಲಿಯಾಗಿ ಕೂತಿರುವುದು, ಪಾರ್ವತವ್ವ ಒಲೆಯ ಮುಂದೆ ಎಡಗೈಯಲ್ಲಿ ಹಿಟ್ಟು ತಟ್ಟಲು ಹೋಗಿ ರೊಟ್ಟಿ ಹರಿಯುವುದು, ಎಲ್ಲ ಕಣ್ಣಿಗೆ ಕಟ್ಟಿ ಮಮತಾ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು.

“ನಗಿಸಿದಿ ನೀನು,” ಎಂದಳು ಪಾರ್ವತವ್ವ ಛಾವಣಿಗೇ. “ಅಂಜಿ ಸಾಯ್ತಿದ್ದೆ, ನೀ ರೈಟ್ ಅಂದಿ, ನಕ್ಕೆ. ನಕ್ಕೇನಲ್ಲ, ಆ ಬಸ್ಸಿನ್ಯಾಗ ನಾನೂ ಇದ್ದಂಗಾತು.”

ಮಮತಾಳ ಕಣ್ಣು ತುಂಬಿತು. ಕೈಯಲ್ಲಿ ಸ್ಪಿರಿಟ್ಟು ಇದ್ದುದರಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ.

“ಏನಾರ ಮಾತಾಡು. ಯಾರದಾರ ದನಿ ತಗಿ. ಗಪ್ ಕುಂತ್ರ ನನಗ ಹೆದರಿಕಿ ಆಕ್ಕೇತಿ.”

“ಯಾರದ್ದೂ ಬರ್ತಾ ಇಲ್ಲ ಅಮ್ಮ.”

“ಹಂಗಾರ ನಿಂದ ತಗಿ.”

ತನ್ನದನ್ನು ತೆಗೆಯುವುದು ಹೇಗೆಂದು ಮಮತಾಳಿಗೆ ತಟ್ಟನೆ ತಿಳಿಯಲಿಲ್ಲ. ಎಲ್ಲಿಂದಲೋ ಶುರುಮಾಡಿದಳು. “ನಮ್ಮ ಅಜ್ಜಿ ಒಂದಿತ್ತು, ತಿಮ್ಮಿ ಅಂತ. ನಾನು ರೇಡಿಯೋದಲ್ಲಿ ಹಾಡ್ತೆ ಅಂತ ಊರಿಗೆಲ್ಲ ಹೇಳ್ತಿತ್ತು. ದಿನಾ ಸಂಜೆ ರೇಡಿಯೋ ಕಿವಿಗೆ ಹಚ್ಕಂಡು ಕೂರ್ತಿತ್ತು, ಮೊಮ್ಮಗಳು ಇವತ್ತು ಬಂದ್ಲಾ ಅಂತ. ಒಂದಿನ ಯಾರೋ ಹಾಡಿದ್ದು ಕೇಳಿ, ಇದು ನಮ್ ಮಮತಾನೇ, ಶೀತ ಆಗದೆ ಪಾಪ, ಅಂತ ಕಷಾಯ ಮಾಡಿ ಯಲ್ಲಾಪುರ ಬಸ್ಸಿಗೆ ಕೊಟ್ಟು ಕಳಿಸಿತ್ತು...”

“ಕಷಾಯ ಕುಡದೀ?”

“ಕುಡ್ದೆ.”

“ಚಲೋ ಮಾಡಿದಿ.” ಪಾರ್ವತವ್ವ ಆಮೇಲೆ ಹುಬ್ಬು ಗಂಟಿಕ್ಕಿ, “ಏ, ಕಿರಿಬೆರಳ ಒತ್ತಬ್ಯಾಡ, ನೋಯ್ತೈತಿ,” ಎಂದಳು.

ಮಮತಾ ಕಿರುಬೆರಳನ್ನೇ ಹಿಡಿದು ಕೂತಿದ್ದಳು. ಇಬ್ಬರೂ ಆ ಬೆರಳನ್ನು ನೋಡಿದರು. ಅದು ಒಂದು ಸಲ ಮಿಸುಕಿತು. ಮಿಸುಕಿತೋ, ತನ್ನ ಕೈಯೇ ನಡುಗಿತೋ ಎಂದು ಮಮತಾ ಕೈ ತೆಗೆದಳು. ಬೆರಳು ತಾನೇ ಮತ್ತೆ ಮಿಸುಕಿತು. ಬಹಳ ಹೊತ್ತಿನ ಮೇಲೆ ಉಳಿದ ಬೆರಳುಗಳೂ ಒಂದೊಂದಾಗಿ ಎದ್ದವು, ಬೆಳಗಿನ ಜಾವ ಮನೆಮಂದಿ ಏಳುವ ಹಾಗೆ, ಯಾರಿಗೂ ಅವಸರವಿಲ್ಲ. ಕೊನೆಗೆ ಅಂಗೈ ಎತ್ತಿ ಪಾರ್ವತವ್ವ ಹಾಸಿಗೆಯ ಅಂಚನ್ನು ತಟ್ಟಿ ನೋಡಿದಳು. ತಪ್. ತಪ್. ತಪ್. ಹದ ಇನ್ನೂ ಬಂದಿರಲಿಲ್ಲ, ಆದರೆ ತಾಳ ರೊಟ್ಟಿಯದೇ.

ಸಂಜೆ ಬೋರ್ಡಿನ ಕೆಳಗೆ ಗೂಡ್ಸ್ ಆಟೊ ನಿಂತಿತ್ತು. ಬಸವರಾಜ ಮಮತಾಳ ಮುಖ ನೋಡದೆ ಗಾಡಿ ಹತ್ತಿದ. ಪಾರ್ವತವ್ವ ಅವನ ಪಕ್ಕ ಕೂತು, ಬೋರ್ಡನ್ನು ಇನ್ನೊಮ್ಮೆ ನೋಡಿದಳು.

“ಹೋಗಿ ಬರ್ತೇನವಾ,” ಎಂದಳು. “ಸೋಮವಾರ ಬರಬೇಕಲ್ಲ, ಎಡಗೈ ತಗೊಂಡು.”

ಆಸ್ಪತ್ರೆಯಿಂದ ಹೊರಡುವವರು ‘ಹೋಗ್ತೇನೆ’ ಎಂದರೂ ಕಷ್ಟ, ‘ಬರ್ತೇನೆ’ ಎಂದರೂ ಕಷ್ಟ. ಅಲ್ಲಿ ಎಲ್ಲರೂ ತಲೆಯಾಡಿಸಿ ಹೋಗುವವರೇ. ಆ ಗೇಟಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದವಳು ಪಾರ್ವತವ್ವ ಒಬ್ಬಳೇ. ಸೋಮವಾರ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ಮಮತಾ ಹೇಳಲಿಲ್ಲ.

ಗಾಡಿ ಹಿಂದೆ ತೆಗೆದು ರಸ್ತೆಗೆ ಬರಬೇಕಿತ್ತು. ಬಸವರಾಜ ಕಿಟಕಿಯಿಂದ, ಯಾರಿಗೆಂದು ಹೇಳದೆ, “ಹಿಂದ ಗಾಡಿ ಬರ್ತಾವೇನು?” ಎಂದ. ಮಮತಾ ರಸ್ತೆಗೆ ಹೋಗಿ ಆಚೆ ನೋಡಿದಳು, ಈಚೆ ನೋಡಿದಳು. ಖಾಲಿ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಮಾತು, ಮೂರು ಸಲ ಹೇಳುವಂಥದು. ಅವಳು ಹಲ್ಲು ಕಚ್ಚಿದಳು.

ಬಸವರಾಜ ಕಾದ. ಇಂಜಿನ್ ಗುರುಗುಟ್ಟುತ್ತಿತ್ತು. ಮಮತಾ ನಿಂತೇ ಇದ್ದಳು.

ಎಡಬದಿಯ ಕಿಟಕಿಯಿಂದ ಪಾರ್ವತವ್ವನ ಬಲಗೈ ಅಡ್ಡಲಾಗಿ ಹೊರಗೆ ಬಂತು, ಅರ್ಧ ಅಳಿಸಿದ ನೀಲಿ ಬಾಣದ ಸಮೇತ. ಬಾಗಿಲ ತಗಡಿನ ಮೇಲೆ ಅಂಗೈ ಎರಡು ಸಲ ಬಿತ್ತು.

ಡಬ್. ಡಬ್.

ಗಾಡಿ ಹೊರಟಿತು.